ಬರಿಗಾಲಿನ ಬ್ಯಾಗ್ ಸಾಹೇಬರು

ನಮ್ಮ ಶಾಲೆಯ ಆಫೀಸ್ ರೂಮಿನ ಬಾಗಿಲ ಪಕ್ಕ ಒಂದು ಜೊತೆ ಗಂಡಸರ ಚಪ್ಪಲಿ ಇದೆ. ಕಂದು ಬಣ್ಣದ್ದು, ಹಿಮ್ಮಡಿ ಸವೆದದ್ದು. ಬಿಸಿಯೂಟದ ಅಡುಗೆಯವರು ಅದನ್ನು ಎಸೆಯಲು ಹೋದಾಗಲೆಲ್ಲ ನಾನು ಬೈದು ವಾಪಸ್ ಇಡಿಸಿದ್ದೇನೆ. ಅದರ ಯಜಮಾನರು ಈಚೆಗೆ ಶ್ರೀರಾಂಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಫೋನಿನಲ್ಲಿ ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಒಂದಿಷ್ಟು ಅವರ ಮೇಲೆಯೂ ಇತ್ತು.

ನಮ್ಮ ಶಾಲೆ ಇರುವುದು ಹೊಳಲ್ಕೆರೆ ಸೀಮೆಯಲ್ಲಿ, ಗುಡ್ಡದಿಂದ ಇಳಿದು ಬರುವ ರಸ್ತೆಯ ಬದಿಯಲ್ಲಿ. ಗುಡ್ಡದ ಮೇಲೆ ಕಬ್ಬಿಣದ ಅದಿರಿನ ಗಣಿ. ಊರು ರಸ್ತೆಯ ಆಚೆ, ಶಾಲೆ ಈಚೆ. ನಡುವೆ ಬೆಳಗಿನಿಂದ ಸಂಜೆಯವರೆಗೆ ಅದಿರಿನ ಲಾರಿಗಳು. ನಾನು ಬಬ್ಬೂರಿನವಳು, ಹೆಡ್‌ಮಿಸ್ ಆಗಿ ಇಲ್ಲಿಗೆ ಬಂದ ಮೊದಲ ವಾರವೇ ನನ್ನ ಬಿಳಿ ಸೀರೆಗಳನ್ನೆಲ್ಲ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಇಲ್ಲಿ ಎಲ್ಲರ ಬಟ್ಟೆಯೂ ಕೊನೆಗೆ ಒಂದೇ ಬಣ್ಣಕ್ಕೆ ಬರುತ್ತದೆ.

ಆ ಗಣಿ ಕಂಪನಿ ಸುತ್ತಲಿನ ಹಳ್ಳಿಗಳಿಗೆ ಮಾಡುವ ಉಪಕಾರವೆಲ್ಲ ನಡೆಯುತ್ತಿದ್ದುದು ಆ ಚಪ್ಪಲಿಯ ಯಜಮಾನರ ಕೈಯಿಂದ. ಕುಡಿಯುವ ನೀರಿನ ಘಟಕ, ಶೌಚಾಲಯ, ಕಣ್ಣಿನ ಶಿಬಿರ, ಬೆಂಚು, ಬಣ್ಣ ಎಲ್ಲ ಅವರೇ ತರುತ್ತಿದ್ದರು. ಮಕ್ಕಳಿಗೆ ವರ್ಷವರ್ಷವೂ ಬ್ಯಾಗ್ ಹಂಚುತ್ತಿದ್ದುದರಿಂದ ಊರವರು ಅವರನ್ನು ಬ್ಯಾಗ್ ಸಾಹೇಬರು ಎಂದೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೆಂಧೂಳು ಕೂತು ವಿಭೂತಿಯೋ ಕುಂಕುಮವೋ ತಿಳಿಯದಂತೆ ಆಗಿರುತ್ತಿತ್ತು.

ಮೊದಲ ಭೇಟಿಯಲ್ಲೇ ನಮಗೆ ಜಗಳವಾಯಿತು. ಬ್ಯಾಗ್ ಹಂಚಿ ಆದ ಮೇಲೆ ಫೋಟೊ ತೆಗೆಯಬೇಕಿತ್ತು. ಕಂಪನಿಯ ಗುರುತು ಇದ್ದದ್ದು ಬ್ಯಾಗಿನ ಹೊರಮೈಯಲ್ಲಿ, ಬೆನ್ನಿಗೆ ಹಾಕಿಕೊಂಡರೆ ಅದು ಹಿಂದಕ್ಕೆ ಹೋಗುತ್ತದೆ. ಅವರು ಮಕ್ಕಳನ್ನು ಗೋಡೆಯ ಕಡೆ ಮುಖ ಮಾಡಿಸಿ ಸಾಲಾಗಿ ನಿಲ್ಲಿಸಿದರು. ನನ್ನ ಮಕ್ಕಳ ಮುಖ ತೋರಿಸಲು ನಾಚಿಕೆಯೇ ನಿಮಗೆ ಎಂದು ನಾನು ಎಲ್ಲರೆದುರೇ ಕೇಳಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡು, ಮುಖದ್ದೂ ಒಂದು ತೆಗೆಸೋಣ, ಅದನ್ನು ನೀವು ಇಟ್ಟುಕೊಳ್ಳಿ, ಬೆನ್ನಿನದು ಕಂಪನಿ ಇಟ್ಟುಕೊಳ್ಳಲಿ ಎಂದರು. ಹಾಗೆಯೇ ಮಾಡಿದರು ಕೂಡ. ಮುಖದ ಫೋಟೊ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಕನ್ನಡಕ ಒರೆಸುವುದು ಅವರ ಚಾಳಿ. ಉತ್ತರ ಇಲ್ಲದಾಗ ಒರೆಸುತ್ತಿದ್ದರು. ಇನ್ನೊಂದು ಚಾಳಿಯೆಂದರೆ ಏನು ಕೇಳಿದರೂ ತೋರುಬೆರಳನ್ನು ಸೂರಿನ ಕಡೆ ಎತ್ತಿ, ಮೇಲಕ್ಕೆ ಕಳಿಸೀನಿ, ನೋಡಾಣ ಎನ್ನುವುದು. ನಮ್ಮ ರೂಮಿನಲ್ಲಿ ಆ ಬೆರಳಿನ ನೇರಕ್ಕೆ ಇದ್ದದ್ದು ಕೆಟ್ಟ ಫ್ಯಾನು. ಹುಡುಗರು ಆಟದಲ್ಲಿ ಸೋತವನು ತಕರಾರು ತೆಗೆದರೆ ಬೆರಳು ಮೇಲೆತ್ತಿ ತೋರಿಸಿ ನಗುವುದನ್ನು ಕಲಿತಿದ್ದರು. ಒಮ್ಮೆ ಅವರೇ ಅದನ್ನು ನೋಡಿ, ನನಗಿಂತ ಚೆನ್ನಾಗಿ ಮಾಡ್ತಾರೆ ಎಂದು ಮೆಚ್ಚಿಕೊಂಡರು.

ಕಣ್ಣಿನ ಶಿಬಿರದ ದಿನ ಚಿತ್ರದುರ್ಗದಿಂದ ಡಾಕ್ಟರುಗಳ ದಂಡೇ ಬಂದಿತ್ತು. ಊರಿನ ಮುದುಕರಿಗೆಲ್ಲ ಕನ್ನಡಕ ಸಿಕ್ಕಿತು, ಮಕ್ಕಳಿಗೂ ಬಾಳೆಹಣ್ಣು ಬಿಸ್ಕತ್ತು ಸಿಕ್ಕಿತು. ನಮ್ಮ ಶಾಲೆಯಲ್ಲಿ ಪ್ರಾರ್ಥನೆಗಿಂತ ಕೆಮ್ಮೇ ಜೋರಾಗಿ ಕೇಳುತ್ತದೆ. ಎದೆ ಪರೀಕ್ಷೆ ಯಾಕೆ ಇಡಲಿಲ್ಲ ಎಂದು ಕೇಳಿದೆ. ಅವರು ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

“ಕಣ್ಣು ನೋಡಿದ್ರೆ ಕನ್ನಡಕ ಕೊಟ್ಟು ಕೈ ತೊಳ್ಕಬಹುದು ಮೇಡಂ. ಎದೆ ನೋಡಿದ್ರೆ ಏನಾದ್ರೂ ಸಿಕ್ಕಿಬಿಡ್ತೈತೆ.”

ಇಂಥ ಮಾತನ್ನು ಕಂಪನಿಯ ಸಂಬಳ ತಿನ್ನುವ ಮನುಷ್ಯ ನನ್ನ ಹತ್ತಿರ ಹೇಳಿದ್ದಕ್ಕೆ ಮೆಚ್ಚಬೇಕೋ, ಹೇಳಿದ ಮೇಲೂ ಸಂಜೆ ಶಿಬಿರದ ಬ್ಯಾನರ್ ಮುಂದೆ ನಿಂತು ನಕ್ಕಿದ್ದಕ್ಕೆ ಉಗಿಯಬೇಕೋ ಗೊತ್ತಾಗಲಿಲ್ಲ. ಅವರ ಜೊತೆಗಿನ ನನ್ನ ಒಡನಾಟವೆಲ್ಲ ಹೀಗೇ ನಡೆಯಿತು.

ನಾನು ಕೇಳಿದ್ದು ಒಂದೇ. ಬ್ಯಾಗೂ ಬೇಡ, ಬೆಂಚೂ ಬೇಡ. ಬೆಳಿಗ್ಗೆ ಶಾಲೆ ಸೇರುವ ಹೊತ್ತು, ಸಂಜೆ ಬಿಡುವ ಹೊತ್ತು ಲಾರಿಗಳನ್ನು ತಡೆದು ನಿಲ್ಲಿಸಿ, ಇಲ್ಲವೇ ಶಾಲೆಯ ಮುಂದೆ ರಸ್ತೆಗೆ ಹಂಪ್ ಹಾಕಿಸಿ. ಅದಕ್ಕೆ ಮೇಲಿನಿಂದ ಬಂದ ಉತ್ತರ ಅವರು ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತಿದ್ದರು. ರಸ್ತೆ ಸರ್ಕಾರದ್ದು. ಲಾರಿ ಗುತ್ತಿಗೆದಾರರದ್ದು. ಅದಿರು ಮಾತ್ರ ಕಂಪನಿಯದು. ಹಾಗಾದರೆ ಧೂಳು ಯಾರದು ಎಂದು ನಾನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಒಂದು ಬೆಳಿಗ್ಗೆ ಆಗಬಾರದ್ದು ಆಗುವುದರಲ್ಲಿತ್ತು. ಶಾಲೆಯ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ಸಾಬರ ಮಗಳು, ನಾಲ್ಕನೇ ತರಗತಿಯವಳು, ರಸ್ತೆ ದಾಟುವಾಗ ಲಾರಿಯ ಪಕ್ಕದ ಕೊಂಡಿಗೆ ಅವಳ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡಿತು. ಪಟ್ಟಿ ಕಿತ್ತುಹೋದದ್ದರಿಂದ ಹುಡುಗಿ ಉಳಿದಳು. ಮೊಣಕೈ ತರಚಿ ಬದಿಗೆ ಬಿದ್ದಳು, ಬ್ಯಾಗು ಹಿಂದಿನ ಚಕ್ರಕ್ಕೆ ಹೋಯಿತು. ಅವಳಪ್ಪ ಮಗಳನ್ನು ಎತ್ತಿಕೊಂಡು ಹೋಗಿ ಅಂಗಡಿಯ ಮುಂದೆ ಕೂರಿಸಿ, ಕೊಡದ ನೀರಿನಲ್ಲಿ ಮೊಣಕೈ ತೊಳೆದರು.

ಬ್ಯಾಗ್ ಸಾಹೇಬರು ಸುದ್ದಿ ತಿಳಿದು ಮಧ್ಯಾಹ್ನದೊಳಗೆ ಬಂದರು. ಕೈಯಲ್ಲಿ ಹೊಸ ಬ್ಯಾಗು. ನಾನು ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಅದನ್ನು ನೋಡಿದ್ದೇ ಸಿಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಹೊಸ ಬ್ಯಾಗನ್ನು ನನ್ನ ಮೇಜಿನ ಕೆಳಗೆ ಇಟ್ಟು, ಹೊರಗೆ ಹೋಗಿ ಶಾಲೆಯ ಜಗಲಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತರು. ಊಟಕ್ಕೂ ಏಳಲಿಲ್ಲ.

ಸಂಜೆ ಅವರ ಕಣ್ಣಿಗೆ ಬಿದ್ದದ್ದು ನಾವೆಲ್ಲ ದಿನವೂ ನೋಡುತ್ತಿದ್ದದ್ದೇ. ನಮ್ಮೂರಿನ ಪಕ್ಕ ಒಂದು ಹಟ್ಟಿ ಇದೆ. ಹಟ್ಟಿಯವರು ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳ ಒಂದು ಹಿಂಡು ಸಾಕಿದ್ದಾರೆ. ದೇವರೆತ್ತು ಎನ್ನುತ್ತಾರೆ. ಅವಕ್ಕೆ ನೊಗ ಹೂಡುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಅವನ್ನು ಕಾಯುವ ಕಿಲಾರಿ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ. ಆ ಎತ್ತುಗಳು ಮೇವು ಮುಗಿಸಿ ರಸ್ತೆಗೆ ಬಂದವು. ಗುಡ್ಡದಿಂದ ಇಳಿಯುತ್ತಿದ್ದ ಲಾರಿಗಳು ಒಂದರ ಹಿಂದೆ ಒಂದು ನಿಂತವು. ಹಾರ್ನ್ ಇಲ್ಲ, ಬೈಗುಳ ಇಲ್ಲ. ಒಬ್ಬ ಡ್ರೈವರ್ ಕೆಳಗಿಳಿದು, ಚಪ್ಪಲಿ ಬಿಟ್ಟು, ಹಿಂದಿನ ಎತ್ತಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕೊನೆಯ ಎತ್ತು ದಾಟುವವರೆಗೂ ಎಲ್ಲರೂ ಕಾದರು.

ಬ್ಯಾಗ್ ಸಾಹೇಬರು ಎದ್ದು ಒಳಗೆ ಬಂದು, ಶಾಲೆಯ ಗಂಟೆ ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು. ಹೇಳಿದೆ. ಆಮೇಲೆ ಕಾರನ್ನು ಅಲ್ಲೇ ಬಿಟ್ಟು ಹಟ್ಟಿಯ ಕಡೆ ನಡೆದುಕೊಂಡು ಹೋದರು.

ಶಾಲೆಯ ಗಂಟೆಯ ಹೊತ್ತಿಗೆ ಎತ್ತುಗಳನ್ನು ರಸ್ತೆ ದಾಟಿಸಿ ಎಂದರೆ ಹಟ್ಟಿಯವರು ಸುಲಭಕ್ಕೆ ಒಪ್ಪಲಿಲ್ಲ. ದೇವರೆತ್ತು ತನಗೆ ಬೇಕಾದಾಗ ಹೋಗುತ್ತದೆ, ನಿಮ್ಮ ಗಂಟೆಗೆ ಹೋಗುವುದಕ್ಕೆ ಅದೇನು ಬಸ್ಸೇ ಎಂದರಂತೆ. ಇವರು ಹಲವು ಸಂಜೆ ಹೋಗಿ, ಎತ್ತುಗಳನ್ನು ಕೂಡುವ ರೊಪ್ಪದ ಮುಳ್ಳುಬೇಲಿಯ ಹೊರಗೆ ಕೂತು ಬಂದರು. ಒಂದು ಸಂಜೆ ಪಂಕ್ಚರ್ ಅಂಗಡಿಯ ಸಾಬರನ್ನೂ ಮಗಳ ಸಮೇತ ಕರೆದುಕೊಂಡು ಹೋದರು. ಹುಡುಗಿಯ ಮೊಣಕೈಯ ಪಟ್ಟಿ ನೋಡಿದ ಮೇಲೆ ಹಟ್ಟಿಯ ಹಿರಿಯರು ಮೆತ್ತಗಾದರು. ಎರಡು ಷರತ್ತು ಮಾತ್ರ ಹಾಕಿದರು. ಎತ್ತಿನ ಮುಂದೆ ನಡೆಯುವವರು ಚಪ್ಪಲಿ ಹಾಕಬಾರದು. ಎತ್ತಿನ ಮೈಮೇಲೆ ಯಾರ ಹೆಸರೂ ಬರಬಾರದು, ಯಾಕೆಂದರೆ ಅವು ಯಾರವೂ ಅಲ್ಲ.

ಮರುದಿನದಿಂದ ಅದೊಂದು ನೋಡುವಂಥ ದೃಶ್ಯವಾಯಿತು. ಬೆಳಿಗ್ಗೆ ಬ್ಯಾಗ್ ಸಾಹೇಬರು ಆಫೀಸ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಗಲಿಗೆ ಕೆಂಪು ಟವೆಲ್ ಹಾಕಿಕೊಂಡು ರಸ್ತೆಯಾಚೆ ಹೋಗುತ್ತಿದ್ದರು. ಮಕ್ಕಳು ಪಂಕ್ಚರ್ ಅಂಗಡಿಯ ಹತ್ತಿರ ಸೇರಿಕೊಳ್ಳುತ್ತಿದ್ದರು. ಮುಂದೆ ಸಾಹೇಬರು, ಹಿಂದೆ ಎತ್ತುಗಳು, ಎತ್ತುಗಳ ಮಗ್ಗುಲಲ್ಲೇ ನಮ್ಮ ಮಕ್ಕಳು. ಲಾರಿಗಳು ಉಸಿರೆತ್ತದೆ ನಿಂತಿರುತ್ತಿದ್ದವು. ಸಂಜೆಯೂ ಹಾಗೆಯೇ. ಎತ್ತುಗಳೇನೋ ಗಂಟೆಗೆ ಸರಿಯಾಗಿ ಬರುತ್ತಿರಲಿಲ್ಲ. ಗಂಟೆಯನ್ನೇ ನಾನು ಎತ್ತು ಬಂದಾಗ ಹೊಡೆಸುತ್ತಿದ್ದೆ. ಶಿಕ್ಷಣ ಇಲಾಖೆಗೆ ಇದು ಗೊತ್ತಿಲ್ಲ. ಅಷ್ಟು ದಿನ ನಾನು ಬೆಳಗಿನ ಚಹಾವನ್ನು ನೆಮ್ಮದಿಯಿಂದ ಕುಡಿದೆ.

ಇದು ಹೀಗೇ ನಡೆದುಕೊಂಡು ಹೋಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಕಂಪನಿಗೆ ಇದು ಗೊತ್ತಾಯಿತು. ಗೊತ್ತಾಗಿ ಬಹಳ ಸಂತೋಷವಾಯಿತು. ಅದೇ ಕೆಟ್ಟದ್ದು. ಸುರಕ್ಷತಾ ಸಪ್ತಾಹದ ಹೊತ್ತಿಗೆ ಹೊರಗಿನಿಂದ ದೊಡ್ಡವರು ಬರುವವರಿದ್ದರು. ಅವರಿಗೆ ತೋರಿಸಲು ಇದಕ್ಕಿಂತ ಚಂದದ್ದು ಏನಿದೆ? ಡ್ರೋನ್ ಬಂತು. ಇಂಗ್ಲಿಷಿನಲ್ಲಿ ಯೋಜನೆಗೆ ಹೆಸರು ಬಂತು. ಆಮೇಲೆ ಹೊಳೆಯುವ ಹಸಿರು ಬಟ್ಟೆಯ ಒಂದು ಜೂಲು ಬಂತು, ಎತ್ತಿನ ಬೆನ್ನಿಗೆ ಹೊದಿಸುವಂಥದ್ದು. ಎರಡೂ ಬದಿಗೆ ಕಂಪನಿಯ ಗುರುತು. ಬ್ಯಾಗ್ ಸಾಹೇಬರು ಬೇಡವೆಂದು ಮೇಲಕ್ಕೆ ಕಳಿಸಿದರು. ಮೇಲಿನಿಂದ ಬೇಕೆಂದು ಕೆಳಕ್ಕೆ ಬಂತು. ನನ್ನ ರೂಮಿನಲ್ಲಿ ಆ ಜೂಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಹಾಕಬೇಡಿ ಎಂದು ನಾನು ಕೈಮುಗಿದು ಹೇಳಿದೆ. ಒಂದೇ ಎತ್ತಿಗೆ, ಒಂದೇ ಫೋಟೊಗೆ, ಆಮೇಲೆ ತೆಗೆದುಬಿಡುತ್ತೇನೆ, ಇಷ್ಟು ಮಾಡಿದರೆ ಹಂಪ್ ಮಂಜೂರು ಮಾಡುವುದಾಗಿ ಹೇಳಿದ್ದಾರೆ ಎಂದರು. ಅವರು ನಂಬಿದ್ದರು. ಅಷ್ಟು ವರ್ಷ ಅಲ್ಲಿ ದುಡಿದ ಮೇಲೂ ಆ ಮನುಷ್ಯ ನಂಬಿದ್ದರು. ಅವರ ಮೇಲೆ ನನಗಿರುವ ಸಿಟ್ಟು ಅದಕ್ಕೇ.

ದೊಡ್ಡವರು ಬಂದ ದಿನ, ಕಿಲಾರಿ ಹಿಂಡಿನ ಹಿಂದಿದ್ದಾಗ ಸಾಹೇಬರು ಮುಂದಿನ ಎತ್ತಿಗೆ ಜೂಲು ಹೊದಿಸಿದರು. ಫೋಟೊ ಆಯಿತು. ಚಪ್ಪಾಳೆ ಆಯಿತು. ಕಿಲಾರಿ ಮುಂದೆ ಬಂದು ನೋಡಿದ. ಕೂಗಾಡಲಿಲ್ಲ. ಜೂಲಿನ ಗಂಟು ಬಿಚ್ಚಿ, ಮಡಚಿ, ಸಾಹೇಬರ ಕೈಗೆ ಕೊಟ್ಟು ಎತ್ತುಗಳನ್ನು ಕರೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಮಕ್ಕಳು ಪಂಕ್ಚರ್ ಅಂಗಡಿಯ ಹತ್ತಿರ ಕಾದರು. ನಾನು ಗಂಟೆ ಹೊಡೆಸದೆ ಕಾದೆ. ಎತ್ತುಗಳು ದೂರದಲ್ಲಿ ಕೆರೆ ಏರಿಯ ಮೇಲೆ ಹೋಗುತ್ತಿದ್ದವು, ರಸ್ತೆಯ ತಂಟೆಯೇ ಬೇಡವೆಂದು ಸುತ್ತು ಬಳಸಿ.

ಸಾಹೇಬರು ಅಂದೇ ಹಟ್ಟಿಗೆ ಹೋದರು. ನಾನೂ ಜೊತೆಗೆ ಹೋದೆ. ನಮ್ಮ ಸೀಮೆಯಲ್ಲಿ ದೇವರಿಗೆ ತಪ್ಪು ನಡೆದರೆ ತಪ್ಪುಕಾಣಿಕೆ ಕಟ್ಟುವುದುಂಟು. ಕಾಯಿ ಒಡೆದು, ಅಡ್ಡಬಿದ್ದು, ತಪ್ಪಾಯಿತು ಎಂದರೆ ಅಲ್ಲಿಗೆ ಮುಗಿಯುತ್ತದೆ. ಇವರು ರೊಪ್ಪದ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಅಂಗಿಯ ಮುಂಭಾಗವೆಲ್ಲ ಸಗಣಿ, ಮಣ್ಣು. ಹಟ್ಟಿಯವರು ಎಬ್ಬಿಸಿ, ಕೂರಿಸಿ, ಮಜ್ಜಿಗೆ ಕೊಟ್ಟರು. ಹಾಗಾದರೆ ನಾಳೆಯಿಂದ ಎತ್ತು ಬರುತ್ತವೆಯೇ ಎಂದು ನಾನೇ ಕೇಳಿದೆ. ಕಿಲಾರಿ ಸಾಹೇಬರ ಕಡೆ ತಿರುಗಿದ.

“ನಿಮ್ದು ಮುಗೀತು ಸಾಹೇಬ್ರೆ. ಆ ಬಟ್ಟೆ ಮ್ಯಾಲಿದ್ದ ಹೆಸ್ರು ನಿಮ್ದಲ್ಲ. ಯಾರ ಹೆಸ್ರೋ ಅವ್ರು ಬರ್ಲಿ. ಚಪ್ಲಿ ಬಿಟ್ಟು ಬರ್ಲಿ, ತಪ್ಪಾತು ಅನ್ಲಿ. ಎತ್ತು ಬರ್ತವೆ.”

ಅಷ್ಟೇ ಕೇಳಿದ್ದು ಅವರು. ಮೇಲಿನವರಲ್ಲಿ ಯಾರಾದರೂ ಒಬ್ಬರು ಶಾಲೆಯಿಂದ ಹಟ್ಟಿಯವರೆಗೆ ಬರಿಗಾಲಲ್ಲಿ ನಡೆದು ಒಂದು ಕಾಯಿ ಒಡೆಯಬೇಕು. ಬ್ಯಾಗ್ ಸಾಹೇಬರು ಅದನ್ನೂ ಮೇಲಕ್ಕೆ ಕಳಿಸಿದರು. ತಪ್ಪುಕಾಣಿಕೆ ಎನ್ನುವುದನ್ನು ಯಾವ ಲೆಕ್ಕಕ್ಕೆ ಹಾಕುವುದು, ಹಟ್ಟಿಯವರು ರಸೀದಿ ಕೊಡುತ್ತಾರೆಯೇ ಎಂದು ಮೇಲಿನವರು ವಿಚಾರಿಸಿದರಂತೆ. ಆಮೇಲೆ ಹಟ್ಟಿಯ ಗುಡಿಗೆ ಬಣ್ಣ ಹೊಡೆಸಿ ಮುಂದೆ ಕಮಾನು ಕಟ್ಟಿಸಿಕೊಡುತ್ತೇವೆ ಎಂದರು, ಕಮಾನಿನ ಮೇಲೆ ಕಂಪನಿಯ ಹೆಸರು. ಇದನ್ನು ಹಟ್ಟಿಗೆ ಹೇಳಲು ಹೋಗಬೇಕಾದವರು ಮತ್ತೆ ಇವರೇ. ಹೋಗಲಿಲ್ಲ. ಜಗಲಿಯ ಮೇಲೆ ಕೂತು, ನಕ್ಕು, ಕನ್ನಡಕ ಒರೆಸಿದರು. ಆ ನಗು ನನಗೆ ಹಿಡಿಸಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ಅವರು ತಾವೇ ರಸ್ತೆಯಲ್ಲಿ ನಿಂತರು. ಬೆಳಿಗ್ಗೆ ಸಂಜೆ, ಕೆಂಪು ಟವೆಲ್ ಎತ್ತಿ ಹಿಡಿದು. ಎತ್ತು ಇಲ್ಲದಿದ್ದರೂ ಚಪ್ಪಲಿ ಬಿಟ್ಟೇ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಟಾರು ಕಾದು ಅಂಟುವ ಹೊತ್ತಿನಲ್ಲೂ ಹಾಗೆಯೇ. ಸಕ್ಕರೆ ಕಾಯಿಲೆ ಬೇರೆ ಇತ್ತು. ಕಾಲಿನ ಹುಣ್ಣು ತೋರಿಸಿ ನಾನು ಬೈದರೆ, ಲಾರಿಯವರು ಬರಿಗಾಲು ನೋಡಿದರೆ ಸ್ವಲ್ಪ ಬೇಗ ಬ್ರೇಕ್ ಹಾಕುತ್ತಾರೆ ಎನ್ನುತ್ತಿದ್ದರು. ಲಾರಿಗಳು ನಿಂತದ್ದಂತೂ ನಿಜ. ಎತ್ತಿಗೆ ನಿಂತಷ್ಟು ಸಲೀಸಾಗಿ ಅಲ್ಲ, ಹಾರ್ನ್ ಬಾರಿಸಿ, ಬೈದು, ಮೈಮೇಲೆ ಬಂದಂತೆ ಬಂದು. ಆದರೂ ನಿಂತವು.

ಇದರಿಂದ ಆದದ್ದೇನು? ಹಂಪ್ ಬಗ್ಗೆ ನಾನು ನೇರವಾಗಿ ಬರೆದ ಅರ್ಜಿಗೆ ಕಂಪನಿಯವರು ಉತ್ತರ ಕೊಟ್ಟರು. ಆ ಜಾಗದಲ್ಲಿ ಇದುವರೆಗೆ ಅಪಘಾತ ಆದ ದಾಖಲೆ ಇಲ್ಲ, ಹಾಗಾಗಿ ಅಗತ್ಯ ಕಂಡುಬಂದಿಲ್ಲ. ನಾನು ಅದನ್ನು ಬ್ಯಾಗ್ ಸಾಹೇಬರ ಮುಂದೆ ಓದಿ ಹೇಳಿದೆ. ಕಂಪನಿ ಮಾಡಬೇಕಾದ ಕೆಲಸವನ್ನು ನಿಮ್ಮ ಕಾಲು ಮಾಡುತ್ತಿದೆ, ನೀವು ನಿಂತಿರುವವರೆಗೂ ಅವರು ಏನೂ ಮಾಡುವುದಿಲ್ಲ, ಒಂದು ವಾರ ಬರಬೇಡಿ, ಮೇಲಿನವರಿಗೆ ಗೊತ್ತಾಗಲಿ ಎಂದೆ. ಅವರು ಎಂದೂ ನನಗೆ ಎದುರು ಮಾತಾಡಿದವರಲ್ಲ. ಅಂದು ಮಾತ್ರ ನೇರ ನನ್ನ ಮುಖ ನೋಡಿ ಹೇಳಿದರು:

“ಆತು ಮೇಡಂ, ಬರಲ್ಲ. ಆ ವಾರಕ್ಕೆ ಯಾವ ಮಗು ಅಂತ ನೀವೇ ಆರಿಸ್ಕೊಡ್ರಿ.”

ನಾನು ಅರ್ಜಿಯ ಉತ್ತರವನ್ನು ಮಡಚಿ ಒಳಗಿಟ್ಟೆ. ಅವರು ಟವೆಲ್ ತೆಗೆದುಕೊಂಡು ರಸ್ತೆಗೆ ಹೋದರು.

ನಿವೃತ್ತಿಯ ದಿನ ಕಂಪನಿಯಲ್ಲಿ ಶಾಲು ಹೊದಿಸಿ, ಚೌಕಟ್ಟು ಹಾಕಿದ ದೊಡ್ಡ ಫೋಟೊ ಕೊಟ್ಟರು. ಜೂಲು ಹೊದ್ದ ಎತ್ತಿನ ಪಕ್ಕ ಇವರು ನಿಂತ ಫೋಟೊ. ಅದನ್ನು ಅವರು ಮನೆಗೆ ಒಯ್ಯಲಿಲ್ಲ. ನಮ್ಮ ಶಾಲೆಯ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿಸಿ ಇಟ್ಟು, ಬ್ಯಾಗಿನ ಫೋಟೊ ಹಂಗೇ ಇರ್ಲಿ ಇದೂ ಎಂದರು. ಸಂಜೆಯ ಕೊನೆಯ ಮಗುವನ್ನು ದಾಟಿಸಿ, ಪಂಕ್ಚರ್ ಸಾಬರ ಅಂಗಡಿಯಲ್ಲಿ ಬಸಿಗೆ ಸುರಿದು ಚಹಾ ಕುಡಿದು, ಬಸ್ಸು ಹತ್ತಿದರು. ಬಸ್ಸು ಹೋದ ಮೇಲೆ ನೋಡುತ್ತೇನೆ, ಚಪ್ಪಲಿ ಬಾಗಿಲಲ್ಲೇ ಇದೆ. ಮರೆತು ಹೋದಿರಲ್ಲ ಎಂದು ಫೋನು ಮಾಡಿದೆ. ಮರೆತದ್ದಲ್ಲ ಎಂದರು.

“ಇರ್ಲಿ ಬಿಡ್ರಿ ಮೇಡಂ. ಮೇಲಿನವ್ರು ಹಟ್ಟಿಗೆ ಬಂದ ದಿನ ಹೇಳ್ರಿ. ನಾನೂ ಬಂದು ಹಾಕ್ಕಂಡು ಹೋಗ್ತೀನಿ.”

ಆ ದಿನ ಬರಲಿಲ್ಲ. ಕಾಲಿನ ಹುಣ್ಣು ಬಲಿತು, ಹೊಸದುರ್ಗದ ಆಸ್ಪತ್ರೆ, ದಾವಣಗೆರೆಯ ಆಸ್ಪತ್ರೆ ಸುತ್ತಿ ಅವರು ಹೋಗಿಬಿಟ್ಟರು. ಕೊನೆಯ ಸಲ ನೋಡಲು ಹೋದಾಗಲೂ ಮೊದಲು ಕೇಳಿದ್ದು, ರಸ್ತೆಯಲ್ಲಿ ಈಗ ಯಾರು ನಿಲ್ಲುತ್ತಾರೆ ಎಂದು. ನಾವು ಟೀಚರುಗಳು ಸರದಿಯ ಮೇಲೆ ನಿಲ್ಲುತ್ತಿದ್ದೇವೆ ಎಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಹೋದ ವಾರ ಕಂಪನಿಯವರೇ ನಮ್ಮ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಶಾಮಿಯಾನ, ಮೈಕು, ಫ್ಲೆಕ್ಸು. ಫ್ಲೆಕ್ಸಿನ ಮೇಲೆ ಅದೇ ಎತ್ತಿನ ಫೋಟೊ. ಗಣಿಯ ಮುಖ್ಯಸ್ಥರು ಸ್ವತಃ ಬಂದಿದ್ದರು, ಹೊಸಬರು, ಮಾತು ಮೃದು. ಅಗಲಿದವರ ಹೆಸರಿನಲ್ಲಿ ಶಾಲೆಗೊಂದು ಕಮಾನು ಕಟ್ಟಿಸುವುದಾಗಿ ಘೋಷಿಸಿದರು. ಹಟ್ಟಿಯ ಕಿಲಾರಿ ಗೇಟಿನ ಹೊರಗೆ ನಿಂತಿದ್ದ. ಸತ್ತವರಿಗಾಗಿ ಬಂದಿದ್ದ, ಒಳಗೆ ಬರಲು ಒಪ್ಪಿರಲಿಲ್ಲ.

ನನ್ನ ಸರದಿ ಬಂದಾಗ ನಾನು ಮೈಕು ಹಿಡಿದು ಹೊಗಳುವ ಮಾತೇನೂ ಆಡಲಿಲ್ಲ. ಎತ್ತಿನ ಕತೆಯನ್ನು ಮೊದಲಿನಿಂದ ಹೇಳಿ, ಮುಖ್ಯಸ್ಥರ ಕಡೆ ತಿರುಗಿ, ಸರ್, ಕಮಾನು ಬೇಡ, ಶೂ ಬಿಟ್ಟು ನನ್ನ ಜೊತೆ ಹಟ್ಟಿಯವರೆಗೆ ಬನ್ನಿ, ಹತ್ತಿರವೇ ಇದೆ, ಕಾಯಿ ನಾನು ತಂದಿದ್ದೇನೆ, ನಾಳೆಯಿಂದ ಈ ಮಕ್ಕಳು ಎತ್ತಿನ ಜೊತೆ ದಾಟುತ್ತಾರೆ ಎಂದೆ. ಗೇಟಿನ ಹೊರಗೆ ಕಿಲಾರಿ ತಲೆಯೆತ್ತಿ ನೋಡಿದ.

ಮುಖ್ಯಸ್ಥರು ತಮ್ಮ ಕಾಲಿನ ಕಡೆ ನೋಡಿಕೊಂಡರು. ಕಾಲ್ಬೆರಳಿಗೆ ಉಕ್ಕಿನ ಕವಚ ಇರುವ ಗಟ್ಟಿ ಕರಿ ಬೂಟು. ಅವರಿಗೆ ನಿಜಕ್ಕೂ ಮುಜುಗರವಾಗಿತ್ತು, ಅದನ್ನು ಅಲ್ಲವೆನ್ನಲಾರೆ.

“ಕ್ಷಮಿಸಿ ಮೇಡಂ,” ಎಂದರು. “ಡ್ಯೂಟಿಯಲ್ಲಿ ಇರುವಾಗ ಬರಿಗಾಲಲ್ಲಿ ನಡೆಯೋದಕ್ಕೆ ನಮ್ಮ ಸುರಕ್ಷತಾ ನಿಯಮದಲ್ಲಿ ಅವಕಾಶ ಇಲ್ಲ.”

ಆಮೇಲೆ ಬೆರಳು ಮೇಲೆತ್ತದಿದ್ದರೂ, ವಿಷಯವನ್ನು ಹೆಡ್ ಆಫೀಸಿನ ಗಮನಕ್ಕೆ ತರುತ್ತೇನೆ ಎಂದರು. ನಮ್ಮ ಮಕ್ಕಳಲ್ಲಿ ಒಂದಿಬ್ಬರು ಸೂರಿನ ಕಡೆ ನೋಡಿದರು. ನಾನು ಮೈಕು ಇಟ್ಟೆ. ಕಿಲಾರಿ ಹೆಗಲ ಕಂಬಳಿ ಸರಿಮಾಡಿಕೊಂಡು ಕೆರೆ ಏರಿಯ ಕಡೆ ಹೊರಟುಹೋದ.

ಶಾಲೆ ಬಿಡುವ ಹೊತ್ತಾಗಿತ್ತು. ಗಂಟೆ ಹೊಡೆಸಿ, ಮೊಳೆಗೆ ತೂಗುಹಾಕಿದ್ದ ಕೆಂಪು ಟವೆಲ್ ತೆಗೆದುಕೊಂಡು ಬಾಗಿಲಿಗೆ ಬಂದೆ. ಅವರ ಚಪ್ಪಲಿಯ ಪಕ್ಕದಲ್ಲೇ ನನ್ನದಿತ್ತು. ನನ್ನದನ್ನು ಮೆಟ್ಟಿಕೊಂಡೇ ರಸ್ತೆಗೆ ಇಳಿದೆ, ತಪ್ಪು ಮಾಡಿದವಳು ನಾನಲ್ಲ. ಒಂದು ಬದಿಗೆ ಅದಿರಿನ ಲಾರಿಗಳು, ಇನ್ನೊಂದು ಬದಿಗೆ ಸಭೆ ಮುಗಿಸಿ ಹೊರಟ ಕಂಪನಿಯ ಬಿಳಿ ಕಾರುಗಳು. ಟವೆಲ್ ಎತ್ತಿ ಎರಡೂ ಬದಿ ನಿಲ್ಲಿಸಿದೆ. ಮುಂದಿನ ಕಾರು ಹಾರ್ನ್ ಹೊಡೆಯಿತು. ಕೊನೆಯ ಮಗು ಪಂಕ್ಚರ್ ಅಂಗಡಿ ಮುಟ್ಟುವವರೆಗೂ ನಾನು ಕೈ ಇಳಿಸಲಿಲ್ಲ.